ಹಕ್ಕಲು

ಪ್ರಾರ್ಥನೆಗೆ ಹತ್ತು ಗಂಡಸರು ಬೇಕು.
ಕ್ಯಾಂಪಿನ ಈ ಮಾಳಿಗೆಯ ಕೋಣೆಯಲ್ಲಿ
(ಕೆಳಗೆ ಬ್ಯಾಂಡಿನವರ ತುತ್ತೂರಿ ರಿಪೇರಿಯ ಅಂಗಡಿ, ಮೇಲೆ ನಾವು)
ಎಣಿಸಿದರೆ ಆರು. ಲೋಂಡಾದಿಂದ ರೈಲಿಗೆ ಬಂದ
ಮೆನಾಶೆ ಮಾಮಾ ಸೇರಿ ಏಳು.
"ಓದಿಗೆ ಲೆಕ್ಕ ಇಲ್ಲ," ಎಂದರು ಮಾಮಾ,
"ಒಬ್ಬನೇ ಕೂತರೂ ಓದು ಓದೇ."
ಗಾರ್ಡ್ ಆಗಿದ್ದವರು. ಹಸಿರು ಬಾವುಟ ಹಿಡಿದಂತೆ ಕೈಯೆತ್ತಿದರು.
ರಾತ್ರಿ ಹೊರಟಿತು.

ಬೆಟ್ಟದ ಮೇಲೆ ಧರ್ಮಶಾಸ್ತ್ರ ಇಳಿದ ಬೆಳಗು
ನಮ್ಮ ಹಿರಿಯರು ಮಲಗಿಬಿಟ್ಟಿದ್ದರಂತೆ.
ಆ ಒಂದು ನಿದ್ದೆಯ ಬಾಕಿ
ವರ್ಷಕ್ಕೊಂದು ರಾತ್ರಿ ಎದ್ದು ಕೂತು
ಇವತ್ತಿಗೂ ತೀರಿಸುತ್ತಿದ್ದೇವೆ.
ಶಾವುವೋತ್ ಎಂದರೆ ಹಾಲಿನ ಊಟ. ಬೇರೆ ಊರಿನವರಿಗೆ
ಏನು ಮಾಡುವುದೆಂಬ ಯೋಚನೆ; ಬೆಳಗಾವಿಯವರಿಗೆಲ್ಲಿಯದು?
ಎರಡು ಕಿಲೋ ಕುಂದಾ, ಸೆಗುಲಾ ಆತ್ಯಾ ಕಾವಲು:
"ತೂಕಡಿಸಿದವರಿಗೆ ಚಮಚ ಇಲ್ಲ."

ಹೀಬ್ರೂ ಮಾಮಾನಿಗೆ ಓದಲು ಬರುತ್ತದೆ, ಅರ್ಥ ಅರ್ಧ.
ಅಜ್ಜನ ಮರಾಠಿ ಪುಸ್ತಕ, ಗೆದ್ದಲು ಓದಿ ಮುಗಿಸಿ ಬಿಟ್ಟದ್ದು.
ಮಕ್ಕಳು ಕನ್ನಡ ಶಾಲೆಯವರು.
ಅದಕ್ಕೇ ನಾನು, ಮೂವತ್ತು ವರ್ಷ ಕನ್ನಡ ಕಲಿಸಿದವಳು,
ಮಧ್ಯೆ ಕೂತು ದಾಟಿಸುತ್ತಿದ್ದೆ, ದೋಣಿಯವಳ ಹಾಗೆ,
ರೂತಳ ಕತೆಯನ್ನು:
ಗಂಡ ಸತ್ತ ಸೊಸೆ ಅತ್ತೆಯ ಬೆನ್ನು ಬಿಡದೆ ಪರದೇಶಕ್ಕೆ ಬಂದಳು.
"ಸರವಾ ವೇಚಾಯಲಾ ಗೇಲಿ" ಎಂದು ಮಾಮಾ ಓದಿದರು.
ನಾನೆಂದೆ, "ಕಟಾವಿನ ನಂತರ ಉಳಿದ ತೆನೆಗಳನ್ನು
ಸಂಗ್ರಹಿಸಲು ತೆರಳಿದಳು."
ಯೋಯೆಲ್ ಆಕಳಿಸಿದ.

"ಹಕ್ಕಲಾ ಆಯಾಕ ಹೋದ್ಳು ಅನ್ರೆಲಾ, ಬಾಯಾರ."

ಹೊಸ್ತಿಲಾಚೆಯಿಂದ. ಬಾಳವ್ವ,
ಚಹಾದ ಕಪ್ಪುಗಳಿಗೆ ಕಾಯುತ್ತ ಗೋಡೆಗೊರಗಿದವಳು.

ಎಲ್ಲರೂ ಆ ಕಡೆ ತಿರುಗಿದೆವು. ಅವಳು ನಾಚಲಿಲ್ಲ.
"ನೇಸರಗಿ ಹೊಲದಾಗ ನಾವೂ ಆಯ್ತಿದ್ವಿ.
ಜ್ವಾಳಾ ಆದ್ರ ಬಗ್ಗಿ. ಶೇಂಗಾ ಆದ್ರ ಕುಂತು,
ಮಣ್ಣಾಗ ಬಟ್ಟು ಹಾಕಿ ಕೆದರಬೇಕು, ಉಗುರ ಹೋಗ್ತಾವು.
ಹೊತ್ತು ಮುಣಗೂತನಾ ಒಂದು ಸೇರು ಆತಂದ್ರ ನಮಗ ಅವತ್ತ ಹಬ್ಬ."
"ಬೈತಿರಲಿಲ್ವಾ?" ಯೋಯೆಲ್, ಕಣ್ಣು ಪೂರ್ತಿ ತೆರೆದು.
"ಬೈತಿದ್ರಾ? ದನಾ ಅಟ್ಟಿದಂಗ ಅಟ್ಟತಿದ್ರು."

ಮಾಮಾ ಹಾಳೆ ತಿರುವಿದರು. ಹೊಲದ ಯಜಮಾನ ಆಳುಗಳಿಗೆ ಹೇಳುತ್ತಾನೆ:
ಸಿವುಡಿನಿಂದ ಹಿರಿದು ಬೇಕೆಂದೇ ಒಂದಿಷ್ಟು ಬೀಳಿಸಿ,
ಅವಳನ್ನು ಗದರಿಸಬೇಡಿ.
ಬಾಳವ್ವ ನಕ್ಕಳು, ಕೆಳಗಿನ ತುತ್ತೂರಿಗಳಿಗೂ ಕೇಳುವಂತೆ:
"ಬೇಕಂತನ ಬಿಡಿಸಿದ್ನ? ಅಂವಾ ಆಕೀನ್ನ ನೋಡಿದ್ದ ತಗೀರಿ!"
"ಪಂಡಿತರೂ ಅದನ್ನೇ ಬರೆದಿದ್ದಾರೆ," ಎಂದರು ಮಾಮಾ,
"ಸ್ವಲ್ಪ ಉದ್ದಕ್ಕೆ."

ಹಕ್ಕಲು. ಮೂವತ್ತು ವರ್ಷದಲ್ಲಿ ಒಮ್ಮೆಯೂ
ನನ್ನ ಕರಿಹಲಗೆಗೆ ಬಾರದ ಮಾತು.
ಅಜ್ಜನ ಅಂಚಿನಲ್ಲಿ ಜಾಗವಿದೆ, ಚೀಲದಲ್ಲಿ ಪೆನ್ಸಿಲ್ಲಿದೆ,
ಹಬ್ಬದ ಹೊತ್ತು ಬರೆಯುವ ಹಾಗಿಲ್ಲ.
ನಾಡಿದ್ದು ಚುಕ್ಕಿ ಮೂಡುವವರೆಗೆ
ಬಾಯಲ್ಲೇ ಇಟ್ಟುಕೊಳ್ಳಬೇಕು.
ಕುಂದಾ ತಿನ್ನುವಾಗಲೂ ಇಟ್ಟುಕೊಂಡೆ,
ತಳ ಹಿಡಿದ ಕಂದು ಭಾಗದ ಹಾಗೆ.

ಎರಡಕ್ಕೆ ಪತ್ರಾಸಿನ ಮೇಲೆ ಮೊದಲ ಹನಿ.
ಮಕ್ಕಳು ಒಬ್ಬರ ಮೇಲೊಬ್ಬರು ಮಲಗಿದರು,
ಹಿರಿಯರ ಹಾಗೆಯೇ. ಮಾಮಾ ದಶಾಜ್ಞೆಗೆ ಹಾರಿ
ಐದನೆಯದರಲ್ಲಿ ಗೊರಕೆ ಹೊಡೆದರು.

ಬೆಳಕು ಹರಿಯುವಾಗ ಮೆಟ್ಟಿಲ ಮೇಲೆ
ಬಾಳವ್ವ ನನ್ನ ಸೆರಗು ಜಗ್ಗಿದಳು:
"ಸೊಸಿ ಲಗ್ನಾ ಆತು, ಖರೆ. ಆ ಅತ್ತಿ ಏನಾದ್ಳ್ರಿ?"

ರಾತ್ರಿಯಿಡೀ ಯಾರೂ ಕೇಳಲಿಲ್ಲ. ನಾನೂ ಓದಿರಲಿಲ್ಲ.
ಹಿಂದಿರುಗಿ ಪುಸ್ತಕ ತಂದೆ.
ಗೆದ್ದಲು ಬಿಟ್ಟ ಕೊನೆಯ ಪುಟ:
ಕೂಸು ಹುಟ್ಟಿತು. ಅತ್ತೆ ಅದನ್ನು ಮಡಿಲಿಗೆ ಹಾಕಿಕೊಂಡಳು.

"ಹಂಗಾರ ಆತು," ಎಂದಳು,
ಕಪ್ಪುಗಳ ಬುಟ್ಟಿ ಟೊಂಕಕ್ಕೇರಿಸಿ ನಳದ ಕಡೆ ನಡೆದಳು.